ಹಾಲುಹಲ್ಲು ಮತ್ತು ನೀರಿನ ಟಾಕಿ

ಮಗಳ ಕೆಳಗಿನ ಮುಂದಿನ ಹಲ್ಲು ಅಲ್ಲಾಡತೊಡಗಿದ್ದೇ ತಡ, ಅದು ಇಡೀ ಅಪಾರ್ಟ್‌ಮೆಂಟಿನ ಸಾರ್ವಜನಿಕ ಆಸ್ತಿಯಾಯಿತು. ಎದುರುಮನೆ ಕಾಕು ಹೆಪ್ಪಿಗೆ ಮೊಸರು ಕೇಳಲು ಬಂದರೂ "ಎಲ್ಲಿ, ಆ ಮಾಡವಾ" ಎಂದು ಬೆರಳು ಹಾಕಿಯೇ ಬಿಡುವವರು. ಕೈ ತೊಳೆದಿದ್ದರೋ ಇಲ್ಲವೋ, ಕೇಳುವ ಧೈರ್ಯ ಯಾರಿಗಿದೆ?

ನಾನು ಮೊದಲೇ ಫೋನಿನಲ್ಲಿ ಚಿತ್ರ ತೋರಿಸಿ ಪಾಠ ಮಾಡಿದ್ದೆ. ಆರು ವರ್ಷದ ಆಸುಪಾಸು ಹೀಗಾಗುವುದು ಸಹಜ. ಹೊಸ ಹಲ್ಲು ಕೆಳಗಿನಿಂದ ಏಳುತ್ತ ಬಂದಂತೆ ಹಳೆಯದರ ಬೇರು ಕರಗುತ್ತದೆ, ಅದಕ್ಕೇ ಸಡಿಲಾಗುತ್ತದೆ ಎಂದು. ಅವಳು ಪೂರ್ತಿ ಕೇಳಿ, "ಮತ್ತ ನುಂಗಿದ್ರ?" ಅಂದಳು. ಏನೂ ಆಗಲ್ಲ ಅನ್ನುವಷ್ಟರಲ್ಲಿ ಕಾಕು, "ಹೊಟ್ಟ್ಯಾಗ ಹಲ್ಲ ಬರ್ತಾವ ನೋಡ!" ಅಂದುಬಿಟ್ಟರು. ನನ್ನ ಪಾಠ ಅಲ್ಲಿಗೆ ಮುಗಿಯಿತು.

ಮೊನ್ನೆ ಸಂಜೆ ಸಜ್ಜಿ ರೊಟ್ಟಿ ಕಡಿಯುವಾಗ ಹಲ್ಲು ತಾನಾಗಿಯೇ ಬಂತು. ರೊಟ್ಟಿಗೆ ಹಚ್ಚಿದ ಎಳ್ಳಿನ ನಡುವೆ ಅದನ್ನು ಹುಡುಕಿ ತೆಗೆದೆವು. ಗದಗಿನಿಂದ ಬಂದಿದ್ದ ನಮ್ಮತ್ತೆ ಎದ್ದು ನಿಂತರು. "ಹೆಂಡ್ಯಾಗ ಇಟ್ಟು ಮಾಳಗಿ ಮ್ಯಾಲೆ ಒಗೀಬೇಕು. ಇಲ್ಲಂದ್ರ ಹೊಸಾ ಹಲ್ಲು ಸೊಟ್ಟ ಬರ್ತಾವ."

ಹುಬ್ಬಳ್ಳಿಯಲ್ಲಿ ಹೆಂಡಿಗೇನು ಬರ? ದಿನಾ ನನ್ನ ಸ್ಕೂಟಿಗೆ ಅಡ್ಡ ಮಲಗುವ ದನಗಳು ಅವತ್ತೇ ಎಲ್ಲಿಗೋ ಹೋಗಿದ್ದವು. ನಮ್ಮನಿಯವರು ಹಾಲಿನ ಖಾಲಿ ಪಾಕೀಟು ಹಿಡಿದು ವಿದ್ಯಾನಗರವೆಲ್ಲ ಸುತ್ತಿ, ಕತ್ತಲಾದ ಮೇಲೆ ಗೆದ್ದ ಮುಖ ಹೊತ್ತು ಬಂದರು.

ಟೆರೇಸಿನ ಕೀಲಿಕೈ ಸೆಕ್ರೆಟರಿ ಹತ್ತಿರ.

"ಈ ಹೊತ್ತನ್ಯಾಗ ಯಾಕ್ರೀ?"

"ಹಲ್ಲು ಒಗಿಯೂದಿತ್ರಿ."

ಅವರು ಮೊದಲು ನಮ್ಮನಿಯವರ ಬಾಯಿ ನೋಡಿದರು, ಆಮೇಲೆ ಪಾಕೀಟು ನೋಡಿದರು. ನಂಬಿಕೆ ಬರಲಿಲ್ಲವೇನೋ, ಬೆನ್ನಿಗೇ ಬಂದರು. ಮೇಲೆ ಹೋದ ಮೇಲೆ ಹೊಳೆಯಿತು: ಮಾಳಿಗೆಯ ಮೇಲೆ ನಾವೇ ನಿಂತಿದ್ದೇವೆ, ಇನ್ನು ಒಗೆಯುವುದೆಲ್ಲಿಗೆ? ಅತ್ತೆ ನೀರಿನ ಟಾಕಿಗೆ ಗುರಿ ಹಿಡಿದರು. ಸೆಕ್ರೆಟರಿ ಎರಡೂ ಕೈ ಅಗಲಿಸಿ ಅಡ್ಡ ನಿಂತರು.

"ಅಮ್ಮಾ, ಮೊದಲ ನೀರ ದಿನಾ ಬರೂದಿಲ್ರಿ, ಅದರಾಗ ಹೆಂಡಿ ಬ್ಯಾರೆ ಬ್ಯಾಡ್ರಿ!"

ಕಡೆಗೆ ಮೆಟ್ಟಿಲ ಮೇಲಿನ ತಗಡಿಗೆ ಒಪ್ಪಂದವಾಯಿತು. ಅತ್ತೆ ಒಗೆದ ಉಂಡೆ ಢಬ್ಬೆಂದು ಬಿದ್ದು, ಜಾರಿ ಜಾರಿ ಬಂದು ಸೆಕ್ರೆಟರಿಯ ಚಪ್ಪಲಿ ಪಕ್ಕ ಕೂತಿತು. "ಕೊಡ್ರಿ ಇಲ್ಲೆ" ಎಂದವರೇ ಅದನ್ನೆತ್ತಿ ಬೀಸಿ ಒಗೆದರು. ಅಂಟಿತು. ನಿಯಮಾವಳಿ ಓದಿ ಹೇಳುವಾಗ ಕಾಣದ ಸಂತೋಷ ಅವರ ಮುಖದಲ್ಲಿ ಅವತ್ತು ಕಂಡೆ.

ಇಳಿದು ಬರುವಾಗ ಮಾತ್ರ ಯಾಕೋ ಗಂಟಲು ಕಟ್ಟಿತು. ಮೊದಲು ಬರುವ ಹಲ್ಲೇ ಮೊದಲು ಬೀಳುವುದು. ರಾಗಿ ಗಂಜಿ ತಿನ್ನಿಸುವಾಗ ಚಮಚಕ್ಕೆ ತಾಗಿ ಟಿಣ್ ಅಂದದ್ದು ಇದೇ ಹಲ್ಲು. ಆ ಸದ್ದು ಕೇಳಿಸಲು ಎಲ್ಲರನ್ನೂ ಅಡುಗೆಮನೆಗೆ ಕರೆದಿದ್ದೆ.

ಮಗಳಿಗೆ ಇದಾವುದರ ಪರಿವೆಯಿಲ್ಲ. ಗೆಳತಿಯ ಹಲ್ಲು ಬಿದ್ದಾಗ ಯಾವುದೋ ಕಿನ್ನರಿ ದಿಂಬಿನ ಕೆಳಗೆ ನೋಟು ಇಟ್ಟು ಹೋಗಿದ್ದಳಂತೆ. ಹಾಲುಹಲ್ಲು ಒಟ್ಟು 20 ಎಂದು ನಾನೇ ಕಲಿಸಿದ್ದೆನಲ್ಲ, ಉಳಿದ 19ಕ್ಕೆ ಲೆಕ್ಕ ಹಾಕುತ್ತ ಕೂತಿದ್ದಾಳೆ. ರಾತ್ರಿ ಅತ್ತೆ ಹಲ್ಲಿನ ಸೆಟ್ಟು ತೆಗೆದು ಗ್ಲಾಸಿನ ನೀರಿಗೆ ಹಾಕುವುದನ್ನೇ ನೋಡಿ ಕೇಳಿದಳು:

"ಅಜ್ಜಿ, ನಿನ್ನವು ಎಲ್ಲಾ ಬಿದ್ದಾವಲಾ, ಆ ರೊಕ್ಕ ಎಲ್ಲಿಟ್ಟಿ?"