ಶಿಶುವೂ ಅಲ್ಲ, ಭಿಕ್ಷುವೂ ಅಲ್ಲ, ಶಿಶಿಕ್ಷು

ಹೋದ ಭಾನುವಾರ ನನ್ನ ಅಕ್ಕನ ಮಗ ಮನೆಗೆ ಬಂದಿದ್ದ. ಶಿರಾ ಕಡೆಯ ಹುಡುಗ. ಐಟಿಐನಲ್ಲಿ ಎರಡು ವರ್ಷ ಫಿಟ್ಟರ್ ಮುಗಿಸಿ, ಪೀಣ್ಯದ ಒಂದು ಕಾರ್ಖಾನೆಗೆ ಅಪ್ರೆಂಟಿಸ್ ಆಗಿ ಸೇರಿದ್ದಾನೆ. ಕಾಫಿ ಬರುವ ಮೊದಲೇ ಬ್ಯಾಗಿನಿಂದ ನಾಲ್ಕು ಮಡಿಕೆ ಮಾಡಿದ ಅಪ್ರೆಂಟಿಸ್ ಒಪ್ಪಂದದ ಕಾಗದ ತೆಗೆದು ಟೀಪಾಯಿ ಮೇಲಿಟ್ಟ.

"ಮಾವ, ಇದರಲ್ಲಿ ನಾನು ಯಾರು ಅಂತ ಸ್ವಲ್ಪ ನೋಡಿ ಹೇಳಿ."

ಋಷಿಗಳು ಕಾಡಿಗೆ ಹೋಗಿ ಕೇಳಿಕೊಂಡ ಪ್ರಶ್ನೆ. ಈ ಹುಡುಗ ದಾಸರಹಳ್ಳಿಯಲ್ಲಿ ಕೂತು, ಚಕ್ಕುಲಿ ಮುರಿಯುತ್ತಾ ಕೇಳಿದ. ಅವನಿಗೆ ಆತ್ಮದ ಗೊಡವೆ ಏನೂ ಇರಲಿಲ್ಲ. ಪಕ್ಕದ ಮೆಷಿನ್ನಿನಲ್ಲಿ ಅದೇ ಕೆಲಸ ಮಾಡುವ ಹೆಲ್ಪರ್‌ಗೆ ತನ್ನ ಎರಡರಷ್ಟು ಸಂಬಳ ಬರುತ್ತೆ, ತನಗೆ ಯಾಕೆ ಬರಲ್ಲ ಅನ್ನೋದು ಅವನ ವೇದಾಂತ. "ಕನಿಷ್ಠ ವೇತನ ಅಂತ ಒಂದಿದೆಯಲ್ಲ ಮಾವ. ಅದಕ್ಕಿಂತ ಕಡಿಮೆ ಕೊಟ್ರೆ ತಪ್ಪಲ್ವಾ?"

ತಪ್ಪೇ. ಆದರೆ ಅದಕ್ಕೆ ಮೊದಲು ಅವನು ಕಾರ್ಮಿಕ ಆಗಿರಬೇಕು.

ನಾನು ವಕೀಲನಲ್ಲ. ಆದ್ರೆ ಮನೆಯಲ್ಲಿ 'ಓದಿಕೊಂಡವನು' ಅಂತ ಹೆಸರು ಬಂದುಬಿಟ್ಟಿದೆ. ಜಮೀನಿನ ಪಹಣಿಯಿಂದ ಹಿಡಿದು ಮಾತ್ರೆ ಡಬ್ಬಿಯೊಳಗಿನ ಚೀಟಿವರೆಗೆ ಎಲ್ಲವೂ ನನ್ನ ಹತ್ತಿರವೇ ಬರುತ್ತೆ. ಹಾಗಾಗಿ ಕನ್ನಡಕ ಹಾಕಿಕೊಂಡು 1961ರ ಅಪ್ರೆಂಟಿಸ್ ಕಾಯ್ದೆ ಓದಲು ಕೂತೆ. 18ನೇ ಸೆಕ್ಷನ್ನಿಗೆ ಬರುವಷ್ಟರಲ್ಲಿ ವಿಷಯ ಅರ್ಥವಾಯಿತು. ಅಪ್ರೆಂಟಿಸ್ ತರಬೇತಿ ಪಡೆಯುವವನು, ಕಾರ್ಮಿಕನಲ್ಲ. ಕಾರ್ಮಿಕ ಕಾನೂನು ಅವನಿಗೆ ಅನ್ವಯಿಸುವುದಿಲ್ಲ. ಅಪ್ರೆಂಟಿಸ್‌ಗಳ ಕನಿಷ್ಠ ವೇತನದ ನಿಯಮ ಏನು ಅಂತ ಕೇಳುವವರಿಗೆ ಪೂರ್ತಿ ಉತ್ತರ ಇದೇ: ಕನಿಷ್ಠ ವೇತನದ ನಿಯಮ ಅವರಿಗೆ ಇಲ್ಲ.

"ಹಂಗಾದ್ರೆ ನಾನು ಸ್ಟೂಡೆಂಟಾ?" ಅಂದ ಹುಡುಗ.

ತಡಿ ಮಾರಾಯ, ಅಷ್ಟು ಸುಲಭ ಇಲ್ಲ. 14ನೇ ಸೆಕ್ಷನ್ ನೋಡು. ಕಾರ್ಖಾನೆಯ ಆರೋಗ್ಯ, ಸುರಕ್ಷತೆ, ಕ್ಷೇಮದ ಮಟ್ಟಿಗೆ ನೀನು 'ಕಾರ್ಮಿಕನೋ ಎಂಬಂತೆ'. ಹೆಲ್ಮೆಟ್ ಹಾಕಿಕೊಳ್ಳುವಾಗ ಕಾರ್ಮಿಕ, ಹೆಲ್ಮೆಟ್ ತೆಗೆದು ಸಂಬಳಕ್ಕೆ ಕೈ ಚಾಚಿದಾಗ ವಿದ್ಯಾರ್ಥಿ. 16ನೇ ಸೆಕ್ಷನ್ ಇನ್ನೂ ಸೊಗಸಾಗಿದೆ. ತರಬೇತಿಯ ವೇಳೆ ಅಪಘಾತವಾಗಿ ಗಾಯವಾದರೆ, ಕಾರ್ಮಿಕರ ಪರಿಹಾರದ ಕಾನೂನಿನ ಲೆಕ್ಕದಲ್ಲಿ ಮಾಲೀಕ ಪರಿಹಾರ ಕೊಡಬೇಕು. ಅಂದ್ರೆ ಹತ್ತು ಬೆರಳೂ ಇರುವವರೆಗೆ ನೀನು ಶಿಷ್ಯ. ಒಂದು ಹೋದ ಕ್ಷಣಕ್ಕೆ ಕಾರ್ಮಿಕ. ದ್ರೋಣಾಚಾರ್ಯರ ಕಾಲದಲ್ಲಿ ಬೆರಳು ಕೊಟ್ಟರೂ ಶಿಷ್ಯ ಅನ್ನಿಸಿಕೊಳ್ಳಲಿಲ್ಲ ಏಕಲವ್ಯ. ಅದಕ್ಕೆ ಹೋಲಿಸಿದರೆ ನಾವು ಬಹಳ ಮುಂದೆ ಬಂದಿದ್ದೇವೆ.

ಹುಡುಗ ತನ್ನ ಬೆರಳು ಎಣಿಸಿಕೊಂಡ.

ನಮ್ಮ ಕನ್ನಡದ ಸರ್ಕಾರಿ ಜಾಹೀರಾತುಗಳಲ್ಲಿ ಇವರಿಗೆ ಒಂದು ಹೆಸರಿದೆ: ಶಿಶಿಕ್ಷು. ಕಲಿಯುವ ಆಸೆ ಉಳ್ಳವನು ಅಂತ ಅರ್ಥವಂತೆ. ಪೇಪರಿನಲ್ಲಿ 'ಶಿಶಿಕ್ಷು ತರಬೇತಿಗೆ ಅರ್ಜಿ ಆಹ್ವಾನ' ಅಂತ ನೋಡಿ ನನ್ನ ಹೆಂಡತಿ ಇದು ಅಂಗನವಾಡಿಯದ್ದು ಅಂದುಕೊಂಡಿದ್ದಳು. ಅವಳ ತಪ್ಪಲ್ಲ. ಹೆಸರಿನಲ್ಲಿ ಶಿಶುವಿನ ತಲೆ ಇದೆ, ಭಿಕ್ಷುವಿನ ಬಾಲ ಇದೆ. ಅವನಿಗೆ ಕೊಡುವ ದುಡ್ಡಿಗೆ ಇಟ್ಟ ಹೆಸರೂ ಅಷ್ಟೇ ಜಾಣತನದ್ದು: ಶಿಷ್ಯವೇತನ. ವೇತನದ ಮುಂದೆ ಶಿಷ್ಯ ಬಂದು ನಿಂತ ಕೂಡಲೇ ಅರ್ಧ ಕಡಿಮೆ. ಮನೆಕೆಲಸದವಳನ್ನು 'ನಮ್ಮ ಮನೆ ಮಗಳಿದ್ದ ಹಾಗೆ' ಅನ್ನುವವರು ಸಂಬಳ ಜಾಸ್ತಿ ಮಾಡಿದ್ದನ್ನು ನೀವು ಯಾರಾದರೂ ನೋಡಿದ್ದೀರಾ?

ಇನ್ನು ಅವನು ಏನು ಕಲಿಯುತ್ತಿದ್ದಾನೆ ಅಂತ ಕೇಳಿದೆ. ಮೊದಲ ವಾರ ಒಬ್ಬರು ಸರ್ ಬಂದು ಅಳತೆ ತೆಗೆಯುವ ವರ್ನಿಯರ್ ಹಿಡಿಯೋದು ತೋರಿಸಿದರಂತೆ. ಅದು ಐಟಿಐನಲ್ಲೇ ಗೊತ್ತಿತ್ತು. ಎರಡನೇ ವಾರದಿಂದ ಡೀಬರಿಂಗ್. ಮೆಷಿನ್ನಿನಿಂದ ಬಂದ ಪೀಸಿನ ಅಂಚಿನಲ್ಲಿ ಉಳಿದ ಚೂಪನ್ನು ಅರದಲ್ಲಿ ಉಜ್ಜಿ ತೆಗೆಯೋದು. ಎಡಗೈಯಲ್ಲಿ ಪೀಸು, ಬಲಗೈಯಲ್ಲಿ ಅರ. ನಾಲ್ಕು ಸಲ ಉಜ್ಜು, ತಿರುಗಿಸು, ನಾಲ್ಕು ಸಲ ಉಜ್ಜು, ಟ್ರೇಗೆ ಹಾಕು. ಅವನ ಅಂಗೈ ನೋಡಿದೆ. ಹೆಬ್ಬೆರಳಿನ ಬುಡದಲ್ಲಿ, ಮೆಷಿನ್ ತಂಪಾಗಿಡಲು ಹಾಕುವ ಕೂಲೆಂಟಿನ ಕಪ್ಪು ಗೆರೆಗಳೊಳಗೆ ಇಳಿದುಬಿಟ್ಟಿತ್ತು. ಮೂರು ಸಲ ಸೋಪು ಹಾಕಿದರೂ ಹೋಗಲ್ಲವಂತೆ.

"ಒಂದು ಶಿಫ್ಟಿಗೆ ಎಷ್ಟು ಪೀಸು?"

"ಮುನ್ನೂರ ಇಪ್ಪತ್ತು, ಮಾವ. ಬೋರ್ಡಿನಲ್ಲಿ ಬರೆದಿರ್ತಾರೆ."

"ಮುನ್ನೂರ ಇಪ್ಪತ್ತನೇ ಪೀಸಿನಲ್ಲಿ ಏನು ಕಲಿತೆ?"

"ನಾಳೆ ಮುನ್ನೂರ ಐವತ್ತು ಕೇಳ್ತಾರೆ ಅಂತ."

ಕಾಯ್ದೆಯಲ್ಲಿ ಇದಕ್ಕೂ ಒಂದು ಸಾಲಿದೆ. ಅಪ್ರೆಂಟಿಸ್‌ಗೆ ಪೀಸಿನ ಲೆಕ್ಕದಲ್ಲಿ ದುಡ್ಡು ಕೊಡಬಾರದು, ಉತ್ಪಾದನೆಯ ಬೋನಸ್ ಸ್ಕೀಮಿಗೆ ಸೇರಿಸಬಾರದು. ಯಾಕೆ? ಅವನು ಕಲಿಯಲು ಬಂದವನು, ಪೀಸಿನ ಆಸೆಗೆ ಬಿದ್ದು ಕಲಿಕೆ ಹಾಳಾಗಬಾರದು ಅಂತ. ಒಳ್ಳೆಯ ಉದ್ದೇಶವೇ. ನಮ್ಮವರು ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದಾರೆ. ಪೀಸು ಮಾಡಿಸಬೇಡಿ ಅಂತ ಎಲ್ಲಿದೆ? ಪೀಸಿಗೆ ದುಡ್ಡು ಕೊಡಬೇಡಿ ಅಂತ ಇದೆ. ಕೊಡುತ್ತಿಲ್ಲ.

ಓವರ್‌ಟೈಮಿನದ್ದೂ ಹೀಗೇ. ಅಪ್ರೆಂಟಿಸ್‌ಶಿಪ್ ಸಲಹೆಗಾರರು ಅನ್ನುವ ಸರ್ಕಾರಿ ಅಧಿಕಾರಿಯ ಒಪ್ಪಿಗೆ ಇಲ್ಲದೆ ಓವರ್‌ಟೈಮ್ ಮಾಡಿಸುವಂತಿಲ್ಲ. ಅವರೂ ಒಪ್ಪಿಗೆ ಕೊಡಬೇಕಾದರೆ ಅದು ಹುಡುಗನ ತರಬೇತಿಯ ಹಿತಕ್ಕೆ ಅಥವಾ ಸಾರ್ವಜನಿಕ ಹಿತಕ್ಕೆ ಇರಬೇಕು. ಶನಿವಾರ ರಾತ್ರಿ ಎಂಟೂವರೆಗೆ ಗೇಟಿನಲ್ಲಿ ಲಾರಿ ನಿಂತಿರುತ್ತದಲ್ಲ, ಅದರ ಡ್ರೈವರೂ ಸಾರ್ವಜನಿಕರೇ. ಅವನ ಹಿತ ನೋಡಬೇಡವೇ?

ಈಗ ದುಡ್ಡಿನ ವಿಷಯಕ್ಕೆ ಬರೋಣ. ಇಲ್ಲಿ ಒಂದು ಚರಿತ್ರೆ ಇದೆ, ನನಗೆ ಹೊಟ್ಟೆ ಉರಿಯುವುದು ಇಲ್ಲೇ. 2014ರಲ್ಲಿ ಸರ್ಕಾರ ಒಂದು ಒಳ್ಳೆಯ ಕೆಲಸ ಮಾಡಿತ್ತು. ಶಿಷ್ಯವೇತನವನ್ನು ಆಯಾ ರಾಜ್ಯದ ಅರೆಕುಶಲ ಕಾರ್ಮಿಕರ ಕನಿಷ್ಠ ವೇತನಕ್ಕೆ ಗಂಟು ಹಾಕಿತು. ಮೊದಲ ವರ್ಷ ಶೇ 70, ಎರಡನೇ ವರ್ಷ ಶೇ 80, ಆಮೇಲೆ ಶೇ 90. ಕನಿಷ್ಠ ವೇತನಕ್ಕೆ ತುಟ್ಟಿಭತ್ಯೆ ಸೇರಿದಾಗಲೆಲ್ಲ ಇದೂ ತಾನಾಗಿ ಏರಬೇಕು. ಕರುವನ್ನು ಹಸುವಿನ ಜೊತೆ ಕಟ್ಟಿದ ಹಾಗೆ. 2019ರಲ್ಲಿ ಹಗ್ಗ ಬಿಚ್ಚಿದರು. ಶೇಕಡಾ ಹೋಗಿ ಬರೀ ಅಂಕಿ ಬಂತು. ಐದರಿಂದ ಒಂಬತ್ತನೇ ತರಗತಿ ಓದಿದವರಿಗೆ 5,000, ಐಟಿಐ ಮುಗಿಸಿದವರಿಗೆ 7,000, ಡಿಪ್ಲೊಮಾಗೆ 8,000, ಡಿಗ್ರಿಗೆ 9,000. ಎರಡನೇ ವರ್ಷಕ್ಕೆ ಶೇ 10 ಜಾಸ್ತಿ. ಇದು ಕನಿಷ್ಠ ಮೊತ್ತ, ಇದಕ್ಕಿಂತ ಹೆಚ್ಚು ಕೊಡಬಾರದು ಅಂತ ಎಲ್ಲೂ ಬರೆದಿಲ್ಲ. ಹೆಚ್ಚು ಕೊಡುವವರೂ ಇದ್ದಾರೆ. ಆದರೆ ಕನಿಷ್ಠ ಅಂತ ಬರೆದದ್ದನ್ನು ಗರಿಷ್ಠ ಅಂತ ಓದುವುದರಲ್ಲಿ ನಮ್ಮ ಎಚ್‌ಆರ್‌ಗಳಿಗೆ ಅಪ್ರೆಂಟಿಸ್‌ಶಿಪ್ಪೇ ಬೇಕಿಲ್ಲ.

2019ರಿಂದ ಆಚೆಗೆ ಗ್ಯಾಸ್ ಏರಿತು, ಹಾಲು ಏರಿತು, ಮೆಜೆಸ್ಟಿಕ್‌ನಲ್ಲಿ ಚಿತ್ರಾನ್ನ ಏರಿತು. ಕೊರೋನಾ ಬಂದು ಹೋಯಿತು. ಆ 7,000 ಮಾತ್ರ ಬಾಹುಬಲಿಯ ಹಾಗೆ ನಿಂತೇ ಇತ್ತು, ಮೈಮೇಲೆ ಬಳ್ಳಿ ಹಬ್ಬಿದರೂ ಕದಲಲಿಲ್ಲ. 2025ರ ಮೇ ತಿಂಗಳಲ್ಲಿ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ ಸಭೆ ಸೇರಿ ಶೇ 36ರಷ್ಟು ಏರಿಸಲು ಶಿಫಾರಸು ಮಾಡಿತು: 6,800ರಿಂದ 12,300ರವರೆಗೆ. ಹುಡುಗನ ಕಾಗದದಲ್ಲಿ ಇರುವುದು 7,000. ಶಿಫಾರಸಿಗೆ ಮೆಸ್ಸಿನಲ್ಲಿ ಊಟ ಹಾಕಲ್ಲ.

ಅದೇ 2025ರ ನವೆಂಬರ್ 21ಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಸಂಘಟಿತ, ಅಸಂಘಟಿತ, ಎಲ್ಲ ಕಾರ್ಮಿಕರಿಗೂ ಕನಿಷ್ಠ ವೇತನ ಅಂತ ಟಿವಿಯಲ್ಲಿ ನೋಡಿ ನಮ್ಮ ಹುಡುಗ ಸಂಭ್ರಮಪಟ್ಟಿದ್ದ. ನಾನು ಕಾರ್ಮಿಕ ಅಂದ್ರೆ ಯಾರು ಅನ್ನುವ ವ್ಯಾಖ್ಯೆಯ ಪುಟ ತೆಗೆದು ತೋರಿಸಿದೆ. 1961ರ ಕಾಯ್ದೆಯ ಅಪ್ರೆಂಟಿಸ್ ಬಿಟ್ಟು ಅಂತ ಇದೆ. ಊರಿಗೆಲ್ಲ ಊಟ, ಪಂಕ್ತಿಯಲ್ಲಿ ಬಡಿಸುವ ಹುಡುಗನಿಗೆ ಮಾತ್ರ ಎಲೆ ಹಾಕಿಲ್ಲ.

ಒಂದು ವಿಷಯ ಮಾತ್ರ ಎಲ್ಲರೂ ತಿಳಿದಿರುವುದು ಒಳ್ಳೆಯದು. ಈ ವಿನಾಯಿತಿ ಸಿಗುವುದು ಕಾಯ್ದೆಯ ಪ್ರಕಾರ ಒಪ್ಪಂದ ಮಾಡಿಕೊಂಡು ನೋಂದಾಯಿಸಿದ ಅಪ್ರೆಂಟಿಸ್‌ಗಳ ವಿಷಯದಲ್ಲಿ. ಸುಮ್ನೆ ಕುತ್ತಿಗೆಗೆ 'ಟ್ರೈನಿ' ಅಂತ ಟ್ಯಾಗ್ ನೇತುಹಾಕಿ ಮೆಷಿನ್ ಮುಂದೆ ನಿಲ್ಲಿಸಿದರೆ ಅವನು ಅಪ್ರೆಂಟಿಸ್ ಆಗಲ್ಲ. ಕೂಲಿಯೇ, ಕನಿಷ್ಠ ವೇತನ ಕೇಳಬಹುದು. ನಮ್ಮ ಹುಡುಗನ ದುರದೃಷ್ಟ, ಅವನ ಕಾರ್ಖಾನೆಯವರು ಕಾನೂನು ಪಾಲಿಸುವವರು. ನೋಂದಣಿ ಸರಿಯಾಗಿದೆ.

ನಮ್ಮಕ್ಕನಿಗೆ ಫೋನ್ ಮಾಡಿ ಈ ಲೆಕ್ಕ ಹೇಳಿದೆ. ಅವಳು ಬೇಸಿಗೆಯಲ್ಲಿ ನರೇಗಾ ಕೆಲಸಕ್ಕೆ ಹೋಗುತ್ತಿದ್ದಳು, ಬದು ಹಾಕಲು. 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಮಗನ 7,000ವನ್ನು 26 ದಿನಕ್ಕೆ ಹಂಚಿದರೆ ದಿನಕ್ಕೆ 269. ನರೇಗಾ ವರ್ಷಪೂರ್ತಿ ಇರುತ್ತಿರಲಿಲ್ಲ ನಿಜ, ವರ್ಷಕ್ಕೆ ನೂರು ದಿನದ ಮಾತಾಗಿತ್ತು. ಆದರೂ ದಿನದ ಲೆಕ್ಕದಲ್ಲಿ ಅಮ್ಮ ಮಗನಿಗಿಂತ ನೂರೊಂದು ರೂಪಾಯಿ ಮುಂದೆ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಅವನ್ಗೆ ಎರಡು ವರ್ಷ ಐಟಿಐ ಓದಿಸ್ದೇ ನಾನು ಪಿಕಾಸಿ ಕೊಡಿಸಿದ್ರೆ ಆಗ್ತಿತ್ತು ಅನ್ನು" ಅಂದಳು.

ಆ 7,000 ಕೂಡ ಒಂದೇ ಬಾಗಿಲಿನಿಂದ ಬರಲ್ಲ. ಪ್ರೋತ್ಸಾಹ ಯೋಜನೆ ಅಂತ ಒಂದಿದೆ, 2016ರಿಂದ. ಶಿಷ್ಯವೇತನದ ಶೇ 25ರವರೆಗೆ, ತಿಂಗಳಿಗೆ 1,500 ಮೀರದಂತೆ, ಕೇಂದ್ರ ಸರ್ಕಾರ ಕೊಡುತ್ತದೆ. ಉಳಿದ 5,500 ಕಾರ್ಖಾನೆಯದು. ಸರ್ಕಾರದ ಪಾಲು ನೇರವಾಗಿ ಹುಡುಗನ ಆಧಾರ್ ಜೋಡಿಸಿದ ಖಾತೆಗೆ. ಇವನ ಆಧಾರ್ ಜೋಡಣೆ ಆಗಿರುವುದು ಎಂಟನೇ ಕ್ಲಾಸಿನಲ್ಲಿ ಸ್ಕಾಲರ್‌ಶಿಪ್ಪಿಗೆ ಅಂತ ಊರಿನಲ್ಲಿ ತೆರೆದ ಖಾತೆಗೆ. ಅದರ ಎಟಿಎಂ ಕಾರ್ಡ್ ಅಮ್ಮನ ಟ್ರಂಕಿನಲ್ಲಿದೆ. ಪಿನ್ ನಂಬರ್ ಗೋಡೆಯ ಹಳೇ ಕ್ಯಾಲೆಂಡರಿನಲ್ಲಿ ಬರೆದಿತ್ತು. ಕ್ಯಾಲೆಂಡರನ್ನು ಯಾರೋ ಪುಸ್ತಕಕ್ಕೆ ಬೈಂಡ್ ಹಾಕಿದ್ದಾರೆ.

ವರ್ಷ ಮುಗಿದ ಮೇಲೆ ಕಾಯಂ ಮಾಡ್ಕೋತಾರಾ ಅಂತ ಕೇಳಿದ. ಮಾಡಿಕೊಳ್ಳಲೇಬೇಕು ಅಂತ ಕಾಯ್ದೆಯಲ್ಲಿ ಇಲ್ಲ. ತಮ್ಮದೇ ಒಂದು ನೇಮಕಾತಿ ನೀತಿ ಮಾಡಿಟ್ಟುಕೊಳ್ಳಬೇಕು, ಅಷ್ಟೇ. ನೀತಿ ಫೈಲಿನಲ್ಲಿರುತ್ತೆ. ಈ ಬ್ಯಾಚ್ ಹೋಗುತ್ತೆ, ಮುಂದಿನ ಬ್ಯಾಚ್ ಬರುತ್ತೆ, ಕೂಲೆಂಟ್ ಬದಲಾಯಿಸಿದ ಹಾಗೆ. ಅಲ್ಲಿ ಕಾಯಂ ಆಗಿರುವುದು ಮೆಷಿನ್ ಒಂದೇ.

ಸಂಜೆ ಅವನ ಜೊತೆ ಪಿ.ಜಿ. ಹುಡುಕಲು ಹೊರಟೆ. ನಮ್ಮ ಎರಡು ರೂಮಿನ ಮನೆಯಲ್ಲಿ ಎಷ್ಟು ದಿನ ಅಂತ ಹಾಲ್‌ನಲ್ಲಿ ಮಲಗುತ್ತಾನೆ. ಜಾಲಹಳ್ಳಿ ಕ್ರಾಸ್ ಹತ್ತಿರ ಒಂದು ಕಟ್ಟಡದ ಮುಂದೆ ಬೋರ್ಡಿತ್ತು. ಓನರ್ ಬನಿಯನ್ನಿನಲ್ಲೇ ಬಂದು ಹುಡುಗನನ್ನು ಮೇಲಿಂದ ಕೆಳಗೆ ನೋಡಿದರು.

"ಸ್ಟೂಡೆಂಟಾ, ವರ್ಕಿಂಗಾ?"

ಹುಡುಗ ನನ್ನ ಮುಖ ನೋಡಿದ. ನಾನು 18ನೇ ಸೆಕ್ಷನ್ನಿನಿಂದ ಶುರು ಮಾಡಿದೆ. 14, 16 ದಾಟಿ ಹೊಸ ಸಂಹಿತೆಯ ವ್ಯಾಖ್ಯೆಗೆ ಬರುವಷ್ಟರಲ್ಲಿ ಅವರು ಕೈ ಅಡ್ಡ ಹಿಡಿದರು.

"ಸ್ವಾಮಿ, ಅದೆಲ್ಲ ಬಿಡಿ. ಲೇ ಹುಡುಗ, ಬೆಳಗ್ಗೆ ಡಬ್ಬಿ ತಗೊಂಡು ಹೋಗ್ತೀಯಾ?"

"ಹೂಂ ಸರ್."

"ಸಂಜೆ ಬರುವಾಗ ಕೈ ಹಿಂಗೇ ಇರುತ್ತಾ?"

"ಹೂಂ."

"ಮತ್ತೆ ವರ್ಕಿಂಗೇ ಅಲ್ವೇನೋ!"

ಅರವತ್ತು ವರ್ಷದಿಂದ ಕಾನೂನಿನಲ್ಲಿ ಇತ್ಯರ್ಥವಾಗದ ವಿಷಯವನ್ನು ಈ ಮನುಷ್ಯ ಮೂರು ಪ್ರಶ್ನೆಯಲ್ಲಿ ಮುಗಿಸಿಬಿಟ್ಟರು. ಹುಡುಗನ ಮುಖ ಅರಳಿತು. ಅವನನ್ನು ಕಾರ್ಮಿಕ ಅಂತ ಒಪ್ಪಿಕೊಂಡವರು ಇವರೇ ಮೊದಲಿಗರು. ಓನರ್ ಒಳಗಿನಿಂದ ರಿಜಿಸ್ಟರ್ ತಂದು, ಪೆನ್ನಿನ ಕ್ಯಾಪು ತೆಗೆದು ಬರೆಯಲು ಶುರು ಮಾಡಿದರು.

"ಸ್ಟೂಡೆಂಟ್ಸ್‌ಗೆ ಐದು ಸಾವಿರ. ವರ್ಕಿಂಗ್ ಅಂದ್ರೆ ಐನೂರು ಜಾಸ್ತಿ."