ಗುಜರಿಯಲ್ಲೂ ಕಾರು ಇಡಿಯಾಗಿ ನಿಲ್ಲಲಿ

ಗುಜರಿ ಸೇರಿದ ಕಾರಿನ ವಿಷಯದಲ್ಲಿ ನಮ್ಮ ಬೆಂಗಳೂರಿಗೂ ನಾನೀಗ ಇರುವ ಮಿಶಿಗನ್‌ಗೂ ಅಜಗಜಾಂತರ. ಶಿವಾಜಿನಗರದ ಗಲ್ಲಿಗೆ ಬಂದ ಕಾರು ಕೆಲವೇ ದಿನಗಳಲ್ಲಿ ಕಾರಾಗಿ ಉಳಿದಿರುವುದಿಲ್ಲ. ಬಾಗಿಲು ಒಂದು ಅಂಗಡಿಗೆ, ಗೇರ್‌ಬಾಕ್ಸ್ ಇನ್ನೊಂದಕ್ಕೆ, ಉಳಿದ ತಗಡು ತೂಕಕ್ಕೆ. ಇಲ್ಲಿಯ ಹಳ್ಳಿಗಾಡಿನ ಹಳೇ ಯಾರ್ಡುಗಳಲ್ಲಿ ಅದೇ ಕಾರು ಹುಲ್ಲಿನ ನಡುವೆ ಇಡಿಯಾಗಿ, ವರ್ಷಗಟ್ಟಲೆ ನಿಂತಿರುತ್ತದೆ. ಹಳೇ ಕಾರುಗಳು ಉಳಿಯಬೇಕು ಅನ್ನುವವರು ಈ ಎರಡನೇ ರೀತಿಯನ್ನು ಕಲಿಯಲೇಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ನಾನು ಸರಿಮಾಡುತ್ತಿರುವುದು ಅಮೆರಿಕದ ಜನರಲ್ ಮೋಟರ್ಸ್ ಮಾಡುತ್ತಿದ್ದ ಪಾಂಟಿಯಾಕ್ ಕಾರುಗಳಲ್ಲೊಂದಾದ 1968ರ ಜಿಟಿಓ. ಮಧ್ಯಮ ಗಾತ್ರದ ಕಾರಿಗೆ ದೊಡ್ಡ ಕಾರಿನ ಎಂಜಿನ್ ಕೂರಿಸುವ ಮಸಲ್ ಕಾರಿನ ಪರಂಪರೆಗೆ ದಾರಿ ಹಾಕಿಕೊಟ್ಟದ್ದೇ ಜಿಟಿಓ ಎನ್ನುವವರು ಬಹಳ. 1964ರಲ್ಲಿ ಟೆಂಪೆಸ್ಟ್ ಎಂಬ ಸಾಧಾರಣ ಕಾರಿಗೆ 389 ಘನ ಇಂಚಿನ ವಿ8 ಎಂಜಿನ್ ಇಟ್ಟು ಶುರುಮಾಡಿದರು. 1968ರ ಹೊತ್ತಿಗೆ ಅದು 400 ಘನ ಇಂಚಾಗಿತ್ತು. ಡೆಟ್ರಾಯಿಟ್‌ನಿಂದ ಪಾಂಟಿಯಾಕ್ ಊರಿಗೆ ಹೋಗುವ ವುಡ್‌ವರ್ಡ್ ರಸ್ತೆಯಲ್ಲಿ 1995ರಲ್ಲಿ ಶುರುವಾದ ಹಳೇ ಕಾರುಗಳ ಮೆರವಣಿಗೆ ಆಗಸ್ಟ್‌ನ ಮೂರನೇ ಶನಿವಾರ ನಡೆಯುತ್ತದೆ. ಅದನ್ನು ಒಮ್ಮೆ ನೋಡಿದವರಿಗೆ ಈ ಹುಚ್ಚು ಯಾಕೆ ಹತ್ತುತ್ತದೆಂದು ವಿವರಿಸಬೇಕಿಲ್ಲ. ಪಾಂಟಿಯಾಕ್ ಎಂಬ ಕಾರಿನ ಹೆಸರೇ 2010ರಲ್ಲಿ ನಿಂತುಹೋಯಿತು. ಹಾಗಾಗಿ ಬಿಡಿಭಾಗಕ್ಕೆ ಶೋರೂಮಿನ ಬಾಗಿಲು ತಟ್ಟುವ ಹಾಗಿಲ್ಲ. ಹೊಸದಾಗಿ ಅಚ್ಚು ಹಾಕಿ ಮಾಡಿದ ನಕಲು ಭಾಗಗಳು ಬೇಕಾದಷ್ಟು ಸಿಗುತ್ತವೆ, ನಿಜ. ಆದರೆ ಮುಂಚಕ್ರದ ಮೇಲಿನ ತಗಡಾದ ಫೆಂಡರನ್ನು ನಕಲಿಯದು ತಂದು ಕೂರಿಸಿ ಬಾಗಿಲಿನ ಸಂದು ಸರಿಮಾಡಲು ಹೆಣಗಿದವರಿಗೆ ಗೊತ್ತು, ಕಂಪನಿಯ ಮೂಲ ತಗಡಿನ ಬೆಲೆ ಏನೆಂದು.

ಇಡಿಯಾಗಿ ನಿಂತ ಕಾರು ಏನು ಕೊಡುತ್ತದೆ ಎಂಬುದಕ್ಕೆ ಬ್ಯಾಟರಿಗೆ ಕರೆಂಟು ತುಂಬುವ ಆಲ್ಟರ್ನೇಟರನ್ನು ಹಿಡಿದಿಡುವ ಬ್ರ್ಯಾಕೆಟ್ಟನ್ನೇ ತೆಗೆದುಕೊಳ್ಳಿ. ಪಾಂಟಿಯಾಕ್ ಎಂಜಿನ್ನುಗಳ ವಾಟರ್ ಪಂಪು 1968ರವರೆಗೆ ಎಂಟು ಬೋಲ್ಟಿನದು, 1969ರಿಂದ ಹನ್ನೊಂದು ಬೋಲ್ಟಿನದು. ಪಂಪು ಬದಲಾದದ್ದರಿಂದ ಅದರ ಸುತ್ತಲಿನ ಬ್ರ್ಯಾಕೆಟ್ಟುಗಳೂ ಬದಲಾದವು. ಅಂಗಡಿಯ ಶೆಲ್ಫಿನಲ್ಲಿ ಬಿದ್ದಿರುವ ಬ್ರ್ಯಾಕೆಟ್ ಬರೀ ಒಂದು ಕಬ್ಬಿಣದ ಪಟ್ಟಿ, ಯಾವ ವರ್ಷದ್ದೆಂದು ಅದು ಹೇಳುವುದಿಲ್ಲ. ಆದರೆ ಯಾರ್ಡಿನಲ್ಲಿ ನಿಂತಿರುವ 1968ರ ಟೆಂಪೆಸ್ಟಿನ ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣೆದುರಿಗಿರುತ್ತದೆ. ಯಾವ ಬೋಲ್ಟು ಉದ್ದ, ಯಾವುದು ಗಿಡ್ಡ, ಯಾವುದರ ಹಿಂದೆ ಸ್ಪೇಸರ್ ಇದೆ, ಬೆಲ್ಟು ಯಾವ ಸಾಲಿನಲ್ಲಿ ಹೋಗುತ್ತದೆ. ಬಿಚ್ಚುವ ಮೊದಲು ಫೋಟೊ ತೆಗೆದುಕೊಳ್ಳಬೇಕು. ತುಕ್ಕು ಹಿಡಿದ ಬೋಲ್ಟಿಗೆ ಎಣ್ಣೆ ಬಿಟ್ಟು ಕಾಯಬೇಕು, ಅವಸರಪಟ್ಟರೆ ತಲೆ ಮುರಿಯುತ್ತದೆ. ಬ್ರ್ಯಾಕೆಟ್ ಜೊತೆ ಅದರ ಬೋಲ್ಟು, ವಾಶರ್, ಕ್ಲಿಪ್ಪು ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿ ಮೇಲೆ ಬರೆಯಬೇಕು. ಕ್ಲಿಪ್ಪಿನಂಥ ಚಿಕ್ಕ ವಸ್ತುವೇ ಆಮೇಲೆ ಎಲ್ಲೂ ಸಿಗದೆ ಸತಾಯಿಸುವುದು.

ಹೀಗೆ ಬಿಡಿಭಾಗ ಕೊಡುವ ದಾನಿ ಕಾರು ಜಿಟಿಓ ಆಗಿಯೇ ಇರಬೇಕೆಂದಿಲ್ಲ. 1968ರಿಂದ 1972ರವರೆಗಿನ ಶೆವೆಲ್, ಕಟ್ಲಾಸ್, ಸ್ಕೈಲಾರ್ಕ್, ಪಾಂಟಿಯಾಕಿನದೇ ಲಮಾನ್ಸ್ ಎಲ್ಲವೂ ಜನರಲ್ ಮೋಟರ್ಸ್‌ನ ಒಂದೇ ಅಡಿಪಾಯದ ಮೇಲೆ ನಿಂತವು. ಯಾವುದರ ಭಾಗ ಯಾವುದಕ್ಕೆ ಹೊಂದುತ್ತದೆ ಎಂದು ಹೇಳುವ ಹಾಲಂಡರ್ ಕೈಪಿಡಿಗಳು ಇಲ್ಲಿನ ಗುಜರಿಯವರ ಮೇಜಿನ ಮೇಲೆ ದಶಕಗಳಿಂದ ಇವೆ. 1968ರಿಂದ ಗಾಡಿಗೆ ಕಂಪನಿ ಕೊಟ್ಟ ಗುರುತಿನ ನಂಬರಿನ ತಗಡು ಮುಂದಿನ ಗಾಜಿನ ಕೆಳಗೇ ಕಾಣುವಂತಿದೆ. 242 ಎಂದು ಶುರುವಾದರೆ ಜಿಟಿಓ, 237 ಆದರೆ ಲಮಾನ್ಸ್. ಸುಳ್ಳು ಹೇಳಿ ಮಾರುವವರಿಗೆ ಆ ಮೂರು ಅಂಕಿ ಅಡ್ಡ ನಿಲ್ಲುತ್ತವೆ. ತಿಳಿವಳಿಕೆ ಹೀಗೆ ಬರಹಕ್ಕೆ ಇಳಿದಿರುವುದರಿಂದ ನನ್ನಂಥ ಹೊರಗಿನವನೂ ಪಾನಾ ಹಿಡಿದು ಒಳಗೆ ಹೋಗಬಲ್ಲ.

ನಮ್ಮಲ್ಲಿ ಅದೇ ತಿಳಿವಳಿಕೆ ಸಾಬರ ತಲೆಯಲ್ಲಿ, ಮೇಸ್ತ್ರಿಯ ಬೆರಳಲ್ಲಿ ಇರುತ್ತದೆ. ಅದು ಕಡಿಮೆಯದು ಎಂದು ನಾನು ಯಾವತ್ತೂ ಹೇಳುವುದಿಲ್ಲ. ನನ್ನ ಕಾರಿನಲ್ಲಿ ಪೆಟ್ರೋಲು, ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕ್ವಾಡ್ರಾಜೆಟ್ ಕಾರ್ಬುರೇಟರಿನಲ್ಲಿ ಥ್ರಾಟಲ್ ಶಾಫ್ಟಿನ ತೂತು ಸವೆದು ಗಾಳಿ ಎಳೆಯುತ್ತಿತ್ತು. ಇಲ್ಲಿ ಕೇಳಿದವರೆಲ್ಲ ಹಳೆಯದನ್ನು ಕೊಟ್ಟು ಬೇರೊಂದನ್ನು ತಗೋ ಎಂದರು. ಬೆಂಗಳೂರಿಗೆ ಹೋದಾಗ ಚೆನ್ನಾಗಿ ತೊಳೆದು ಬ್ಯಾಗಿನಲ್ಲಿ ಒಯ್ದೆ. ಜೆ.ಸಿ. ರಸ್ತೆಯ ಹಿಂದಿನ ಲೇತ್ ಅಂಗಡಿಯವರು ಈ ಜಾತಿಯ ಕಾರ್ಬುರೇಟರನ್ನು ಕಂಡವರೇ ಅಲ್ಲ. ಶಾಫ್ಟನ್ನು ಬೆರಳಿನಲ್ಲಿ ಅಲ್ಲಾಡಿಸಿ ನೋಡಿ, "ಬಾಡಿ ಗಟ್ಟಿ ಇದೆ ಸಾರ್, ಯಾಕೆ ಬಿಸಾಕ್ತೀರ? ಗನ್‌ಮೆಟಲ್ ಬುಶ್ ಹಾಕ್ಕೊಡ್ತೀನಿ" ಎಂದರು. ಸವೆದ ತೂತಿನೊಳಗೆ ಬಳೆಯಂತೆ ಕೂರುವ ಆ ಬುಶ್ ಹಾಕಿಕೊಟ್ಟರು. ಈಗ ಎಂಜಿನ್ ಸಿಗ್ನಲ್ಲಿನಲ್ಲಿ ನಡುಗದೆ ನಿಲ್ಲುತ್ತದೆ. ಈ ಕೈಕಸುಬು ಅಮೆರಿಕದಲ್ಲಿ ದುಬಾರಿಯಾಗಿ ಮೂಲೆ ಸೇರುತ್ತಿದೆ, ನೋಡಲು ಸಂಕಟವಾಗುತ್ತದೆ.

ಮಿಶಿಗನ್ನಿನ ಯಾರ್ಡು ಸ್ವರ್ಗವೇನಲ್ಲ. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಕಾರಿನ ತಳ, ಡಿಕ್ಕಿಯ ನೆಲ, ಚಕ್ರದ ಕಮಾನು ಎಲ್ಲವನ್ನೂ ತಿಂದುಹಾಕುತ್ತದೆ. ಅದಕ್ಕೇ ತಗಡಿಗೆ ಎಲ್ಲರೂ ಅರಿಜೋನಾದ ಕಡೆ ನೋಡುತ್ತಾರೆ. ಅಲ್ಲಿಯ ಬಿಸಿಲಿಗೆ ಡ್ಯಾಶ್‌ಬೋರ್ಡು, ರಬ್ಬರು ಸುಟ್ಟು ಬಿರಿದಿದ್ದರೂ ತಗಡು ಗಟ್ಟಿ. ಗುಜರಿ ಕಬ್ಬಿಣದ ಬೆಲೆ ಏರಿದಾಗಲೆಲ್ಲ ಹಳೇ ಯಾರ್ಡುಗಳು ಕ್ರಶರಿಗೆ ಹೋಗುವುದೂ ಉಂಟು.

ಆದರೂ ನಮ್ಮ ಕಾಂಟೆಸ್ಸಾದ ಗತಿ ನೆನೆದಾಗ ಇಲ್ಲಿಯ ರೀತಿಯೇ ಮೇಲೆನಿಸುತ್ತದೆ. ನಮ್ಮವರು ಪ್ರೀತಿಯಿಂದ ಭಾರತದ ಮಸಲ್ ಕಾರು ಎಂದು ಕರೆದ ಗಾಡಿ ಅದು. 2021ರ ಕೇಂದ್ರ ನಿಯಮದ ಪ್ರಕಾರ ವಿಂಟೇಜ್ ಎನಿಸಿಕೊಳ್ಳಲು ಐವತ್ತು ವರ್ಷ ತುಂಬಿರಬೇಕು. 1984ರಲ್ಲಿ ಬಂದ ಮೊದಲ ಕಾಂಟೆಸ್ಸಾಗಳಿಗೂ ಆ ಭಾಗ್ಯ 2034ಕ್ಕೆ. ಅಷ್ಟರವರೆಗೆ ಹದಿನೈದು ವರ್ಷ ದಾಟಿದ ಕಾರಿನ ಮರುನೋಂದಣಿಗೆ ಶುಲ್ಕ ಕಟ್ಟುತ್ತಿರಬೇಕು. 2022ರ ಏಪ್ರಿಲ್‌ನಲ್ಲಿ ಅದು 600 ರೂಪಾಯಿಯಿಂದ ಒಮ್ಮೆಲೇ 5000ಕ್ಕೆ ಏರಿತು. ಓಡದೆ ನಿಂತ ಗಾಡಿಗೆ ಯಾರು ಕಟ್ಟುತ್ತಾರೆ? ತೂಕಕ್ಕೆ ಹಾಕುತ್ತಾರೆ. ಹೀಗೆ ಒಂದೊಂದು ಕಾಂಟೆಸ್ಸಾ ಕರಗಿದಾಗಲೂ ಓಡುತ್ತಿರುವ ಇನ್ನೊಂದಕ್ಕೆ ಬೇಕಾದ ಬಾಗಿಲು, ಗ್ರಿಲ್ಲು, ಗಾಜಿನ ಬೀಡಿಂಗು ಅದರ ಜೊತೆಗೇ ಹೋಗುತ್ತದೆ.

ಬೆಂಗಳೂರು, ಮೈಸೂರಿನಲ್ಲಿ ಹಳೇ ಕಾರು ಇಟ್ಟುಕೊಂಡಿರುವ ಗೆಳೆಯರಿಗೆ ಫೋನಿನಲ್ಲಿ ಪದೇ ಪದೇ ಹೇಳುತ್ತಿರುತ್ತೇನೆ: ನಾಲ್ಕು ಜನ ಸೇರಿ ತುಮಕೂರು ಕಡೆಯೋ ಚಿತ್ರದುರ್ಗದ ಕಡೆಯೋ ಮಳೆ ಕಡಿಮೆ ಇರುವಲ್ಲಿ ಒಂದು ತುಂಡು ಜಾಗ ಹಿಡಿಯಿರಿ, ಸತ್ತ ಕಾಂಟೆಸ್ಸಾ, ಪ್ರೀಮಿಯರ್ ಪದ್ಮಿನಿಗಳನ್ನು ಕಾಗದಪತ್ರ ಸರಿಮಾಡಿಸಿ ತಂದು ಬಿಚ್ಚದೆ ನಿಲ್ಲಿಸಿ. ಯಾವ ಭಾಗ ಯಾವುದಕ್ಕೆ ಕೂರುತ್ತದೆಂದು ಶಿವಾಜಿನಗರದ ಹಿರಿಯರನ್ನು ಕೂರಿಸಿಕೊಂಡು ಈಗಲೇ ಬರೆದುಕೊಳ್ಳಿ. ಜಾಗದ ಬಾಡಿಗೆಯಲ್ಲಿ ನನ್ನ ಪಾಲು ನಾನು ಕಳಿಸುತ್ತೇನೆ.