ಹಕ್ಕಿ ತಂಗುವ ಮಾತು

ದೆಹಲಿಗೆ ಬಂದ ಮೊದಲ ಚಳಿಗಾಲ. ಯಮುನಾ ಬಜಾರಿನ ಹತ್ತಿರ ತಗಡಿನ ಉದ್ದನೆಯ ಕೋಣೆಯೊಂದರ ಮೇಲೆ ‘ರೈನ್ ಬಸೇರಾ’ ಅಂತ ಬರೆದಿತ್ತು. ಮಳೆ ಬಂದರೆ ನಿಲ್ಲುವ ಜಾಗವಿರಬೇಕು ಅಂದುಕೊಂಡು ಪಕ್ಕದ ಚಹಾದವನನ್ನು ಕೇಳಿದೆ. ಆತ ಎದುರಿನ ಅರಳಿ ಮರ ತೋರಿಸಿದ. “ರೈನ್ ಅಂದರೆ ರಾತ್ರಿ, ಭಾಯ್‌ಸಾಬ್. ಇವು ಸಂಜೆ ಬಂದು ಕೂರುತ್ತವಲ್ಲ, ಅದೇ ಬಸೇರಾ. ಮನೆಯಿಲ್ಲದವರಿಗೂ ಅದೇ ಮಾತು.” ಮರದ ತುಂಬ ಗೊರವಂಕಗಳು, ಕೊಂಬೆಗಾಗಿ ಒಂದೇ ಜಗಳ. ಅರ್ಧ ಗಂಟೆಯಲ್ಲಿ ಇಡೀ ಮರ ಸುಮ್ಮನಾಯಿತು. ಕೆಳಗೆ ತಗಡಿನ ಬಾಗಿಲಲ್ಲಿ ಜನ ಚಪ್ಪಲಿ ಬಿಟ್ಟು, ಕಂಬಳಿ ಇಸಿದುಕೊಂಡು ಒಳಗೆ ಹೋಗುತ್ತಿದ್ದರು.

“ನಿಮ್ಮ ಭಾಷೆಯಲ್ಲಿ ಏನಂತೀರಿ?” ಅಂದ. “ಗೂಡು” ಅಂದೆ. ಅಂದ ಕೂಡಲೇ ಚುಚ್ಚಿತು. ಗೂಡಿರುವುದು ಮೊಟ್ಟೆಗೆ, ಮರಿಗೆ. ಮರಿ ಹಾರಿದ ಮೇಲೆ ಕಾಗೆ, ಗಿಳಿ, ಗೊರವಂಕಗಳೆಲ್ಲ ಗುಂಪಾಗಿ ಒಂದು ಮರ ಹಿಡಿಯುತ್ತವೆ. ಹಿಂದಿಯಲ್ಲಿ ಮೊಟ್ಟೆಯ ಜಾಗಕ್ಕೆ ಘೋಂಸ್ಲಾ, ಇರುಳು ಕಳೆಯುವ ಕೊಂಬೆಗೆ ಬಸೇರಾ. ನಾವು ಎಲ್ಲದಕ್ಕೂ ಗೂಡನ್ನೇ ಹಿಡಿದುಕೊಂಡಿದ್ದೇವೆ: ಎದೆಗೂಡು, ರೇಷ್ಮೆಗೂಡು, ಗೂಡಂಗಡಿ, ಗೂಡುದೀಪ, ಗೋಡೆಯಲ್ಲಿ ದೀಪವಿಡುವ ಗೂಡು. ಹಕ್ಕಿಯ ಮೇಲಿನ ನುಡಿಗಟ್ಟುಗಳೋ, ಬರೀ ಹಾರುವುದರದ್ದೇ. ಮಗನಿಗೆ ರೆಕ್ಕೆ ಬಲಿಯುತ್ತದೆ, ಪ್ರಾಣಪಕ್ಷಿ ಹಾರಿಹೋಗುತ್ತದೆ. ದಣಿದು ಕೂತ ಹಕ್ಕಿ ನಮ್ಮ ಮಾತಿನಲ್ಲಿ ಎಲ್ಲಿದೆ?

ಇದೆ. ‘ತಂಗು’ ಅನ್ನುವ ಚೆಂದದ ಪದವಿದೆ. ಹಕ್ಕಿಯೂ ತಂಗುತ್ತದೆ, ದಾರಿಹೋಕನೂ ತಂಗುತ್ತಾನೆ. ಆದರೆ ಅದನ್ನು ಏನು ಮಾಡಿಟ್ಟಿದ್ದೇವೆ ನೋಡಿ. ಹತ್ತು ನಿಮಿಷವೂ ಯಾರೂ ಇರದ ಬಸ್ ಸ್ಟಾಪಿಗೆ ‘ಪ್ರಯಾಣಿಕರ ತಂಗುದಾಣ’ ಅಂತ ಬೋರ್ಡು. ರಾತ್ರಿಯಿಡೀ ಊರಲ್ಲೇ ತಂಗಿ ಬೆಳಗಿನ ಜಾವ ಹೊರಡುವ ಬಸ್ಸಿಗೆ ಮಾತ್ರ ‘ಹಾಲ್ಟಿಂಗ್ ಬಸ್ಸು’. ಮನೆಗೆ ಬಂದ ನೆಂಟರಿಗೂ “ಇವತ್ತು ಉಳ್ಕೊಳ್ಳಿ” ಅನ್ನುತ್ತೇವೆಯೇ ಹೊರತು “ತಂಗಿ” ಅನ್ನುವುದಿಲ್ಲ.

ನನಗೆ ಹೆಚ್ಚು ನೋವಾಗುವುದು ಇನ್ನೊಂದು ಕಡೆ. ಬೀದಿಯಲ್ಲಿ ಮಲಗುವವರಿಗಾಗಿ ಕಟ್ಟಿದ ಜಾಗದ ಮೇಲೆ ನಾವು ಬರೆಯುವುದು ‘ನಿರಾಶ್ರಿತರು’, ‘ವಸತಿರಹಿತರು’. ಒಳಗೆ ಕಾಲಿಡುವ ಮೊದಲೇ ಅವನಿಗೆ ಏನಿಲ್ಲ ಅನ್ನುವುದನ್ನು ಸಾರಿಬಿಡುತ್ತೇವೆ. ಬಸೇರಾಕ್ಕೆ ಬಂದವನು ಈ ರಾತ್ರಿಗೆ ಕೊಂಬೆ ಹುಡುಕಿ ಬಂದವನು, ಅಷ್ಟೇ. ‘ಇರುಳ ತಂಗುಮನೆ’ ಅಂತ ಬರೆಯಲು ನಮಗೆ ಯಾರು ಅಡ್ಡ ಬಂದಿದ್ದರು?

ಹೆಸರು ಚೆನ್ನಾಗಿದ್ದ ಮಾತ್ರಕ್ಕೆ ಚಳಿ ನಿಲ್ಲುವುದಿಲ್ಲ ಅನ್ನುವುದೂ ನಿಜವೇ. ಊರಿನ ಪ್ರತಿ ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಮಂದಿಗಾದರೂ ಇಂಥ ಜಾಗವಿರಬೇಕು ಅಂದಿತ್ತು ಕೇಂದ್ರದ ನಿಯಮ. ಆದರೂ ಜನವರಿಯ ಮಂಜಿನಲ್ಲಿ ಬಸೇರಾದ ಗೋಡೆಯಾಚೆಯ ಫುಟ್‌ಪಾತಿನಲ್ಲೇ ಜನ ಮುಸುಕೆಳೆದು ಮಲಗಿರುವುದನ್ನು ಕಂಡಿದ್ದೇನೆ. ಬಸೇರಾ ಅಂದರೇನು ಅಂತ ಆಫೀಸಿನಲ್ಲಿ ಕೇಳಿದರೆ “ಶೆಲ್ಟರ್” ಅಂದರು, ಯಾರಿಗೂ ಹಕ್ಕಿ ನೆನಪಾಗಲಿಲ್ಲ. ‘ರಾತ್ರಿ ತಂಗುದಾಣ’ ಅಂತ ನಮ್ಮ ಪತ್ರಿಕೆಗಳಲ್ಲೂ ಆಗೀಗ ಓದಿದ್ದೇನೆ, ಅದನ್ನೂ ಹೇಳಬೇಕು.

ಮೊನ್ನೆ ಏಳು ಗಂಟೆಗೆ ಅಮ್ಮನ ಫೋನು. “ಹಕ್ಕಿಪಕ್ಷಿ ಎಲ್ಲ ಗೂಡು ಸೇರ್ಕೊಂಡ್ವು, ನೀನಿನ್ನೂ ಮನೆ ಸೇರಿಲ್ವೇನೋ?” ಹಕ್ಕಿ ಗೂಡಿನಲ್ಲಿ ಮಲಗುವುದಿಲ್ಲ ಅಂತ ತಿದ್ದಲು ಬಾಯಿ ಬರಲಿಲ್ಲ. ‘ಸೇರು’ ಅನ್ನುವ ಆ ಮಾತು ಬಸೇರಾದಲ್ಲಿಲ್ಲ, ತಂಗುವುದರಲ್ಲೂ ಇಲ್ಲ. “ಸೇರಿದೆ ಅಮ್ಮಾ” ಅಂದೆ. ಬಸ್ಸು ಇನ್ನೂ ಕಾಶ್ಮೀರಿ ಗೇಟ್ ದಾಟಿರಲಿಲ್ಲ.